ಕಡತ ಸಿಗುತ್ತದೆ, ಆದರೆ ಯಾವಾಗ?

(ಅಂತಾರಾಷ್ಟ್ರೀಯ ಅಭಿವೃದ್ಧಿ ಬ್ಯಾಂಕುಗಳ ಮಾಹಿತಿ ನೀತಿ ಕುರಿತು ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಭಿವೃದ್ಧಿ ಬ್ಯಾಂಕುಗಳ ಮಾಹಿತಿ ನೀತಿ ಅಂದ ಕೂಡಲೇ ಅರ್ಧ ಜನಕ್ಕೆ ಆಕಳಿಕೆ ಬರುತ್ತದೆ, ಗೊತ್ತು. ಆದರೂ ಬಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ. ಕಳೆದ ಮೂವತ್ತು ವರ್ಷಗಳಲ್ಲಿ ವಿಶ್ವಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಅಂದರೆ ಎಡಿಬಿ, ಇಂಥವೆಲ್ಲ ತಮ್ಮ ಬಾಗಿಲನ್ನು ಬಹಳಷ್ಟು ತೆರೆದಿವೆ. ಇದನ್ನು ಒಪ್ಪಲೇಬೇಕು. ನನ್ನ ತಕರಾರು ಬೇರೆ ಕಡೆ ಇದೆ. ಕಡತ ಸಿಗುತ್ತದೆ ಸರಿ, ಕೆಲಸಕ್ಕೆ ಬರುವ ಹೊತ್ತಿಗೆ ಸಿಗುತ್ತದಾ? ಸಾಲ ಮಂಜೂರಾಗಿ, ಅಣೆಕಟ್ಟೆಯ ಅಡಿಪಾಯ ಹಾಕಿದ ಮೇಲೆ ಪರಿಸರ ವರದಿ ಕೈಗೆ ಬಂದರೆ ಅದನ್ನು ಇಟ್ಟುಕೊಂಡು ಏನು ಮಾಡೋದು?

ಇವನ್ನು ಬ್ಯಾಂಕ್ ಅಂತ ಕರೆದರೂ ಇಲ್ಲಿ ಪಾಸ್‌ಬುಕ್ ಹಿಡಿದು ಬರುವ ಗ್ರಾಹಕರಿಲ್ಲ. ಷೇರುದಾರರು ಅಂದರೆ ಸರಕಾರಗಳು. ಸಾಲ ಪಡೆಯುವವರೂ ಬಹುಮಟ್ಟಿಗೆ ಸರಕಾರಗಳೇ. ತೀರಿಸುವವರು ಆಯಾ ದೇಶದ ತೆರಿಗೆದಾರರು. ಸಾಲದ ದುಡ್ಡಿನಲ್ಲಿ ರಸ್ತೆ ಬಂದಾಗ ಮನೆ ಕಳೆದುಕೊಳ್ಳುವವರೂ ಅವರಲ್ಲೇ ಕೆಲವರು. ಆದರೆ ಮಾತುಕತೆ ನಡೆಯುವುದು ಬ್ಯಾಂಕಿನ ಅಧಿಕಾರಿಗಳಿಗೂ ಹಣಕಾಸು ಸಚಿವಾಲಯಕ್ಕೂ ನಡುವೆ. ಉಳಿದವರು ಹೊರಗೆ ನಿಂತು ಕಾಯಬೇಕು.

ಎಂಬತ್ತರ ದಶಕದವರೆಗೆ ಈ ಕಾಯುವಿಕೆಗೆ ಕೊನೆಯೇ ಇರಲಿಲ್ಲ. ಯೋಜನೆಯ ದಾಖಲೆಗಳೆಲ್ಲ ಸಹಜವಾಗಿಯೇ ಗೋಪ್ಯ. ಅದನ್ನು ಅಲುಗಾಡಿಸಿದ ಘಟನೆಗಳಲ್ಲಿ ಮುಖ್ಯವಾದದ್ದು ನರ್ಮದೆಯದು. ಸರ್ದಾರ್ ಸರೋವರ ಯೋಜನೆಗೆ ವಿಶ್ವಬ್ಯಾಂಕ್ 1985ರಲ್ಲಿ 45 ಕೋಟಿ ಡಾಲರ್ ಸಾಲ ಕೊಟ್ಟಿತು. ಎಷ್ಟು ಜನ ಎತ್ತಂಗಡಿಯಾಗುತ್ತಾರೆ, ಅವರಿಗೆ ಜಮೀನು ಎಲ್ಲಿ ಕೊಡುತ್ತಾರೆ, ಇಂಥ ಮೂಲ ಪ್ರಶ್ನೆಗಳಿಗೇ ಸರಿಯಾದ ಉತ್ತರ ಇರಲಿಲ್ಲ. ಪ್ರತಿಭಟನೆ ಜೋರಾದಾಗ ಬ್ಯಾಂಕ್ ತಾನೇ ಬ್ರಾಡ್‌ಫರ್ಡ್ ಮೋರ್ಸ್ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆ ಮಾಡಿಸಿತು. 1992ರ ಜೂನ್‌ನಲ್ಲಿ ಬಂದ ವರದಿ ಬ್ಯಾಂಕನ್ನೇ ತರಾಟೆಗೆ ತೆಗೆದುಕೊಂಡಿತು. ಪುನರ್ವಸತಿಗೆ, ಪರಿಸರಕ್ಕೆ ಬೇಕಾದ ಅಧ್ಯಯನಗಳನ್ನೇ ಸರಿಯಾಗಿ ಮಾಡದೆ ಮುಂದುವರಿದಿದ್ದೀರಿ ಅಂತ ನೇರವಾಗಿ ಬರೆಯಿತು. 1993ರ ಮಾರ್ಚ್‌ನಲ್ಲಿ ಭಾರತ ಉಳಿದ ಸಾಲವನ್ನು ಬೇಡ ಅಂದಿತು.

ಅದೇ ಹೊತ್ತಿಗೆ ಇನ್ನೊಂದು ಕಾಗದ ಹೊರಬಿತ್ತು. ವಾಪೆನ್‌ಹಾನ್ಸ್ ವರದಿ ಅಂತ ಹೆಸರು. ಬ್ಯಾಂಕಿನ ಒಳಗಿನವರೇ ಒಳಗಿನವರಿಗಾಗಿ ಬರೆದದ್ದು. 1991ರಲ್ಲಿ ಮುಗಿದ ಯೋಜನೆಗಳಲ್ಲಿ ಶೇಕಡ 37.5ರಷ್ಟು ತೃಪ್ತಿಕರವಲ್ಲ, ಹತ್ತು ವರ್ಷದ ಹಿಂದೆ ಇದು ಶೇಕಡ 15 ಇತ್ತು ಅಂತ ಅದರಲ್ಲಿತ್ತು. ಸಾಲ ಮಂಜೂರು ಮಾಡಿಸುವುದೇ ಸಾಧನೆ ಅನ್ನುವ ಮನೋಭಾವ ಬೆಳೆದಿದೆ ಅಂತಲೂ ಇತ್ತು. ಇದು ಜನರಿಗೆ ತಲುಪಿದ್ದು ಸೋರಿಕೆಯಿಂದ, ಯಾವ ನೀತಿಯಿಂದಲೂ ಅಲ್ಲ. ಆಗ ಬ್ಯಾಂಕಿಗೆ ದುಡ್ಡು ಕೊಡುವ ದೇಶಗಳೇ, ಅದರಲ್ಲೂ ಅಮೆರಿಕದ ಸಂಸತ್ತು, ಪಟ್ಟು ಹಿಡಿದವು. 1993ರಲ್ಲಿ ಎರಡು ಒಟ್ಟೊಟ್ಟಿಗೆ ಬಂದವು: ಹೊಸ ಮಾಹಿತಿ ನೀತಿ, ಮತ್ತು ಬಾಧಿತ ಜನ ದೂರು ಕೊಡಬಹುದಾದ ಇನ್‌ಸ್ಪೆಕ್ಷನ್ ಪ್ಯಾನೆಲ್. ಮಾಹಿತಿಯೇ ಇಲ್ಲದವರು ದೂರು ಏನಂತ ಬರೆಯುತ್ತಾರೆ? ಹಾಗಾಗಿ ಎರಡೂ ಜೋಡಿಯಾಗಿ ಬಂದದ್ದು ಸರಿಯಾಗಿಯೇ ಇದೆ.

ಸಮಯದ ಮಾತಿಗೆ ಬರುತ್ತೇನೆ. ಇದರಲ್ಲಿ ಅತಿ ಗಟ್ಟಿಯಾದ ಗಡುವು ಬ್ಯಾಂಕಿನಿಂದ ಬಂದದ್ದಲ್ಲ. 1989ರಲ್ಲಿ ಅಮೆರಿಕದ ಸಂಸತ್ತು ಒಂದು ತಿದ್ದುಪಡಿ ತಂದಿತು. ನ್ಯಾನ್ಸಿ ಪೆಲೋಸಿ ಮಂಡಿಸಿದ್ದರಿಂದ ಪೆಲೋಸಿ ತಿದ್ದುಪಡಿ ಅಂತಲೇ ಹೆಸರಾಯಿತು. ಪರಿಸರದ ಮೇಲೆ ದೊಡ್ಡ ಪರಿಣಾಮ ಬೀರುವ ಯೋಜನೆ ಬೋರ್ಡಿನ, ಅಂದರೆ ಸಾಲಕ್ಕೆ ಮತ ಹಾಕುವ ಬ್ಯಾಂಕಿನ ನಿರ್ದೇಶಕ ಮಂಡಳಿಯ ಮುಂದೆ ಬರುವ ಮೊದಲು, ಕನಿಷ್ಠ 120 ದಿನ ಮುಂಚೆ ಪರಿಸರ ವರದಿ ಸಾರ್ವಜನಿಕರ ಕೈಗೆ ಸಿಕ್ಕಿರಬೇಕು. ಇಲ್ಲದಿದ್ದರೆ ಅಮೆರಿಕದ ಪ್ರತಿನಿಧಿ ಅದರ ಪರವಾಗಿ ಮತ ಹಾಕುವಂತಿಲ್ಲ. ಇಷ್ಟೇ. ಬ್ಯಾಂಕಿಗೆ ಯಾವ ಆದೇಶವನ್ನೂ ಅದು ಕೊಟ್ಟಿಲ್ಲ. ತನ್ನ ಒಬ್ಬ ಪ್ರತಿನಿಧಿಯ ಕೈ ಕಟ್ಟಿತು ಅಷ್ಟೆ. ಆದರೆ ಆ ಪ್ರತಿನಿಧಿ ಅತಿ ದೊಡ್ಡ ಷೇರುದಾರರ ಪ್ರತಿನಿಧಿ. ಹಾಗಾಗಿ ಬ್ಯಾಂಕುಗಳು ಒಂದೊಂದಾಗಿ ತಮ್ಮ ವೇಳಾಪಟ್ಟಿಯನ್ನೇ ಬದಲಿಸಿಕೊಂಡವು. ಎಡಿಬಿಯ ನಿಯಮಗಳಲ್ಲೂ ಇದೇ 120 ದಿನ ಬಂದು ಕೂತಿತು.

ನಾಲ್ಕು ತಿಂಗಳು ಸಿಕ್ಕರೆ ಏನಾಗುತ್ತದೆ? ಹಳ್ಳಿಯವರು ವರದಿಯನ್ನು ಯಾರಿಂದಲಾದರೂ ಓದಿಸಿಕೊಳ್ಳಬಹುದು. ನಮ್ಮ ಕೆರೆ ಇದರಲ್ಲಿ ಇಲ್ಲವೇ ಇಲ್ಲವಲ್ಲ ಅಂತ ಪತ್ರ ಬರೆಯಬಹುದು. ಆ ಪತ್ರ ಮತದಾನಕ್ಕೆ ಮೊದಲೇ ನಿರ್ದೇಶಕರ ಮೇಜು ತಲುಪಬಹುದು. ಹದಿನೈದು ದಿನದಲ್ಲಿ ಇದು ಆಗದ ಮಾತು.

ಈಗ ಗಮನಿಸಬೇಕಾದದ್ದು: ಬೀಜಿಂಗ್‌ನಲ್ಲಿರುವ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ ಅಂದರೆ ಎಐಐಬಿಯಲ್ಲಿ ಅಮೆರಿಕ ಸದಸ್ಯನಲ್ಲ. ಶಾಂಘೈನ ನ್ಯೂ ಡೆವಲಪ್‌ಮೆಂಟ್ ಬ್ಯಾಂಕಿನಲ್ಲೂ ಇಲ್ಲ. ಅಂದ ಮೇಲೆ ಅಲ್ಲಿ ಪೆಲೋಸಿ ಒತ್ತಡವೂ ಇಲ್ಲ. ಎಐಐಬಿಯ ಮೊದಲ ಪರಿಸರ ನೀತಿಯಲ್ಲಿ ದಿನಗಳ ಲೆಕ್ಕವೇ ಇರಲಿಲ್ಲ. 2021ರ ಪರಿಷ್ಕರಣೆಯಲ್ಲಿ, ಹೆಚ್ಚು ಅಪಾಯದ ಸರಕಾರಿ ಯೋಜನೆಗೆ 60 ದಿನ, ಖಾಸಗಿ ಯೋಜನೆಗೆ 30 ದಿನ ಅಂತ ಬಂತು. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ 120ರ ಮುಂದೆ ಅರ್ಧ, ಖಾಸಗಿಗೆ ಕಾಲು ಭಾಗ.

ವಿಶ್ವಬ್ಯಾಂಕ್‌ನಲ್ಲೂ ಎಲ್ಲ ಸಲೀಸಾಗಿಲ್ಲ. 2018ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಅದರ ಹೊಸ ಪರಿಸರ ಮತ್ತು ಸಾಮಾಜಿಕ ಚೌಕಟ್ಟಿನಲ್ಲಿ ಕೆಲವು ಅಧ್ಯಯನಗಳನ್ನು ಮಂಜೂರಾತಿ ಆದ ಮೇಲೂ ಮಾಡಬಹುದು. ಇಂಥ ದಿನದೊಳಗೆ ಮಾಡುತ್ತೇವೆ ಅಂತ ಬದ್ಧತಾ ಯೋಜನೆಯಲ್ಲಿ ಬರೆದುಕೊಟ್ಟರೆ ಸಾಕು. ದೊಡ್ಡ ಕಾರ್ಯಕ್ರಮಗಳಲ್ಲಿ ಎಲ್ಲ ಜಾಗವೂ ಮೊದಲೇ ಗೊತ್ತಿರುವುದಿಲ್ಲ, ಅದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಇಲ್ಲದ ವರದಿಯನ್ನು ಬಹಿರಂಗ ಮಾಡುವಂತಿಲ್ಲ ಅಲ್ವಾ? ನೀತಿ ಎಷ್ಟೇ ಉದಾರವಾಗಿರಲಿ, ಕೊಡೋಕೆ ಕಾಗದವೇ ಹುಟ್ಟಿರುವುದಿಲ್ಲ.

ನೇಪಾಳದ ಅರುಣ್ ಮೂರನೇ ವಿದ್ಯುತ್ ಯೋಜನೆಯ ಕಥೆ ಇಲ್ಲಿ ಹೇಳಲೇಬೇಕು. ಮೊದಲ ಹಂತ 201 ಮೆಗಾವಾಟ್, ಖರ್ಚು ಸುಮಾರು 100 ಕೋಟಿ ಡಾಲರ್. ಅಷ್ಟು ಚಿಕ್ಕ ದೇಶಕ್ಕೆ ಭಾರೀ ಮೊತ್ತ. ಅಲ್ಲಿನ ಹೋರಾಟಗಾರರು ದಾಖಲೆ ಕೇಳಿದರು, ಸಿಗಲಿಲ್ಲ. ಆಗಿನ್ನೂ ಮಾಹಿತಿ ಹಕ್ಕು ಕಾಯ್ದೆ ಬಂದಿರಲಿಲ್ಲ. ಆದರೆ 1990ರ ಸಂವಿಧಾನದ 16ನೇ ವಿಧಿಯಲ್ಲಿ ಮಾಹಿತಿ ಕೇಳುವ ಹಕ್ಕು ಇತ್ತು. ಅದನ್ನೇ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 1994ರಲ್ಲಿ ಕೋರ್ಟ್ ಅವರ ಹಕ್ಕನ್ನು ಎತ್ತಿಹಿಡಿದು, ದಾಖಲೆ ನೋಡುವ ಕ್ರಮವನ್ನೂ ಹಾಕಿಕೊಟ್ಟಿತು. ಅದೇ ವರ್ಷ ಇನ್‌ಸ್ಪೆಕ್ಷನ್ ಪ್ಯಾನೆಲ್‌ಗೆ ದೂರು ಹೋಯಿತು. ಪ್ಯಾನೆಲ್‌ನ ಇತಿಹಾಸದಲ್ಲೇ ಅದು ಮೊದಲ ದೂರು. 1995ರ ಆಗಸ್ಟ್‌ನಲ್ಲಿ ವಿಶ್ವಬ್ಯಾಂಕ್ ಯೋಜನೆಯಿಂದ ಹಿಂದೆ ಸರಿಯಿತು. ಆಗಿನ ಅಧ್ಯಕ್ಷ ಜೇಮ್ಸ್ ವುಲ್ಫೆನ್‌ಸನ್ ಬಂದು ಕೆಲವೇ ತಿಂಗಳಾಗಿತ್ತು. ಇಲ್ಲಿ ಸಾಲಕ್ಕೆ ಸಹಿ ಬೀಳುವ ಮುಂಚೆ ಕಾಗದ ಹೊರಬಂತು. ಇಡೀ ವ್ಯತ್ಯಾಸ ಅಲ್ಲಿದೆ. ಅದೇ ಕಣಿವೆಯಲ್ಲಿ ಈಗ ಭಾರತದ ಸರಕಾರಿ ಕಂಪನಿಯೊಂದು 900 ಮೆಗಾವಾಟ್ ಯೋಜನೆ ಕಟ್ಟುತ್ತಿದೆ, ಅದು ಇನ್ನೊಂದು ದಿನದ ಉಪನ್ಯಾಸ.

ಇನ್ನು 2010ರ ದೊಡ್ಡ ತಿರುವು. ಅಲ್ಲಿಯವರೆಗೆ ವಿಶ್ವಬ್ಯಾಂಕ್‌ನಲ್ಲಿ ಒಂದು ಪಟ್ಟಿ ಇತ್ತು. ಪಟ್ಟಿಯಲ್ಲಿರುವ ದಾಖಲೆ ಮಾತ್ರ ಕೊಡುತ್ತೇವೆ ಅನ್ನುತ್ತಿದ್ದರು. 2009ರ ನವೆಂಬರ್‌ನಲ್ಲಿ ಒಪ್ಪಿಗೆಯಾಗಿ 2010ರ ಜುಲೈ 1ಕ್ಕೆ ಜಾರಿಗೆ ಬಂದ ನೀತಿ ಇದನ್ನು ತಲೆಕೆಳಗು ಮಾಡಿತು. ಎಲ್ಲವನ್ನೂ ಕೊಡುತ್ತೇವೆ, ಹತ್ತು ವಿನಾಯಿತಿಗಳಿಗೆ ಸೇರಿದ್ದನ್ನು ಬಿಟ್ಟು. ಭಾರತದ ಮಾಹಿತಿ ಹಕ್ಕು ಕಾಯ್ದೆಯಿಂದಲೂ ಅಮೆರಿಕದ ಕಾಯ್ದೆಯಿಂದಲೂ ಪ್ರೇರಣೆ ಪಡೆದಿದ್ದೇವೆ ಅಂತ ಬ್ಯಾಂಕ್ ತಾನೇ ಹೇಳಿಕೊಂಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ತನ್ನ ಅಂಕಿಅಂಶದ ಭಂಡಾರವನ್ನೂ ಉಚಿತ ಮಾಡಿತು. ಉಳಿದ ಬ್ಯಾಂಕುಗಳೂ ಇದೇ ದಾರಿಯಲ್ಲಿ ಬಂದವು. ಅಂತರ ಅಮೆರಿಕ ಅಭಿವೃದ್ಧಿ ಬ್ಯಾಂಕ್ 2011ರಲ್ಲಿ, ಆಫ್ರಿಕನ್ ಬ್ಯಾಂಕ್ 2013ರಲ್ಲಿ, ಎಡಿಬಿಯ ಈಗಿನ ನೀತಿ 2019ರ ಜನವರಿಯಲ್ಲಿ, ಯುರೋಪಿನ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕ್ ಅಂದರೆ ಇಬಿಆರ್‌ಡಿಯದು 2020ರಲ್ಲಿ. ಇವೆಲ್ಲದರ ವಿವರ ಬೇಡ, ಒಂದೇ ಅಚ್ಚಿನವು.

ಆ ಹತ್ತು ವಿನಾಯಿತಿಗಳಲ್ಲಿ ಹೆಚ್ಚಿನವಕ್ಕೆ ನನ್ನ ತಕರಾರಿಲ್ಲ. ಸಿಬ್ಬಂದಿಯ ಖಾಸಗಿ ವಿವರ, ವಕೀಲರ ಜೊತೆಗಿನ ಪತ್ರ, ಜೀವಕ್ಕೆ ಅಪಾಯ ತರುವ ಮಾಹಿತಿ, ಇವನ್ನು ಯಾರೂ ಕೇಳುವುದಿಲ್ಲ. ಎರಡು ವಿನಾಯಿತಿಗಳಲ್ಲಿ ಮಾತ್ರ ಸಮಸ್ಯೆ ಇದೆ.

ಒಂದು, ಸಮಾಲೋಚನೆಯ ಹಂತದ ಮಾಹಿತಿ. ನಿರ್ಧಾರ ತೆಗೆದುಕೊಳ್ಳುವ ಮುನ್ನ ಒಳಗೆ ಓಡಾಡುವ ಕರಡು, ಟಿಪ್ಪಣಿ, ಇಮೇಲ್ ಎಲ್ಲ ಇದರೊಳಗೆ ಬರುತ್ತವೆ. ಅಧಿಕಾರಿಗಳು ಬಿಚ್ಚುಮನಸ್ಸಿನಿಂದ ಮಾತಾಡಬೇಕಾದರೆ ಒಂದಿಷ್ಟು ಮರೆ ಬೇಕು, ಒಪ್ಪೋಣ. ಆದರೆ ಮರೆ ಎಷ್ಟು ದಿನ? ಗೋಪ್ಯ ಕಡತಗಳನ್ನು ಅವುಗಳ ಬಗೆ ನೋಡಿ 5, 10 ಇಲ್ಲವೇ 20 ವರ್ಷದ ಮೇಲೆ ತೆರೆಯುತ್ತಾರೆ. ಐದು ವರ್ಷ ಅಂದರೆ ಎಷ್ಟೋ ಯೋಜನೆಗಳ ಪೂರ್ತಿ ಆಯಸ್ಸು. ಸಂಶೋಧಕರಿಗೆ ಅದು ಹಬ್ಬ. ಮನೆ ಕಳೆದುಕೊಂಡವರಿಗೆ ಏನು ಪ್ರಯೋಜನ?

ಎರಡನೆಯದು, ಸದಸ್ಯ ದೇಶ ಅಥವಾ ಬೇರೆಯವರು ಗುಟ್ಟಾಗಿ ಕೊಟ್ಟ ಮಾಹಿತಿ. ಕೊಟ್ಟವರು ಒಪ್ಪದೆ ಇದನ್ನು ಬಿಡುಗಡೆ ಮಾಡುವುದಿಲ್ಲ. ಅಂದರೆ ಬೀಗ ಬ್ಯಾಂಕಿನದು, ಕೀಲಿಕೈ ಸಾಲಗಾರರ ಕಿಸೆಯಲ್ಲಿ. ಯೋಜನೆ ನೋಡೋಕೆ ಬರುವ ಬ್ಯಾಂಕಿನ ತಂಡ ವಾಪಸ್ ಹೋಗುವಾಗ ಏಡ್ ಮೆಮ್ವಾರ್ ಅಂತ ಒಂದು ಟಿಪ್ಪಣಿ ಬರೆಯುತ್ತದೆ. ಎಲ್ಲಿ ಕೆಲಸ ನಿಂತಿದೆ, ಯಾವ ಗುತ್ತಿಗೆದಾರ ಕೈಕೊಟ್ಟಿದ್ದಾನೆ, ಎಷ್ಟು ಮನೆಗೆ ಪರಿಹಾರ ಬಾಕಿ, ಎಲ್ಲ ಅದರಲ್ಲಿರುತ್ತದೆ. ನನ್ನ ಲೆಕ್ಕದಲ್ಲಿ ಅದೇ ಅತಿ ಉಪಯುಕ್ತ ಕಾಗದ. ಬ್ಯಾಂಕ್ ಮತ್ತು ಸರಕಾರ ಇಬ್ಬರೂ ಒಪ್ಪಿದರೆ ಮಾತ್ರ ಅದು ಹೊರಗೆ ಬರುತ್ತದೆ.

ಸರಿ, ಕೊಡಲಿಲ್ಲ ಅಂದರೆ? ಮೇಲ್ಮನವಿ ಇದೆ. ಮೊದಲು ಬ್ಯಾಂಕಿನದೇ ಸಮಿತಿ, ಆಮೇಲೆ ಹೊರಗಿನ ಮೂವರು ತಜ್ಞರ ಮಂಡಳಿ. ಇಲ್ಲೊಂದು ಚಿಕ್ಕ ಕೊಕ್ಕೆ ಇದೆ. ನೀತಿಯನ್ನು ನೀವೇ ಮುರಿದಿದ್ದೀರಿ ಅಂತ ವಾದಿಸಿದರೆ ಎರಡನೇ ಮೆಟ್ಟಿಲು ಹತ್ತಬಹುದು. ನೀತಿಯ ಪ್ರಕಾರ ಇದು ಗೋಪ್ಯವೇ ಇರಲಿ, ಸಾರ್ವಜನಿಕ ಹಿತ ದೊಡ್ಡದು, ಕೊಡಿ ಅಂತ ಕೇಳಿದರೆ ಸಮಿತಿಯ ಮಾತೇ ಕೊನೆ. ಜನಕ್ಕೆ ಜಾಸ್ತಿ ಬೇಕಾಗುವುದು ಈ ಎರಡನೇ ಬಗೆಯ ವಾದವೇ.

ಕೋರ್ಟಿಗೆ ಹೋಗಬಹುದಲ್ಲ ಅಂತ ಕೇಳುತ್ತೀರಿ. ವಿಶ್ವಬ್ಯಾಂಕ್‌ನ ಸ್ಥಾಪನಾ ಒಪ್ಪಂದದ ಏಳನೇ ವಿಧಿಯಲ್ಲೇ ಬರೆದಿದೆ, ಬ್ಯಾಂಕಿನ ದಾಖಲೆಗಳನ್ನು ಯಾರೂ ಮುಟ್ಟುವಂತಿಲ್ಲ ಅಂತ. ಯಾವ ದೇಶದ ಮಾಹಿತಿ ಹಕ್ಕು ಕಾಯ್ದೆಯೂ ಅದರ ಕಪಾಟು ತೆರೆಸಲಾರದು. ಖಾಸಗಿ ಕಂಪನಿಗಳಿಗೆ ಸಾಲ ಕೊಡುವ ಅದರ ಅಂಗಸಂಸ್ಥೆ ಐಎಫ್‌ಸಿ, ಗುಜರಾತಿನ ಮುಂದ್ರಾ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ 45 ಕೋಟಿ ಡಾಲರ್ ಕೊಟ್ಟಿತ್ತು. ಅಲ್ಲಿನ ಮೀನುಗಾರರು ನಷ್ಟವಾಯಿತು ಅಂತ ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. 2019ರ ಫೆಬ್ರುವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7-1ರಲ್ಲಿ ತೀರ್ಪು ಕೊಟ್ಟು, ಇಂಥ ಸಂಸ್ಥೆಗಳಿಗೆ ಪೂರ್ತಿ ರಕ್ಷೆ ಇಲ್ಲ ಅಂದಿತು. ದೊಡ್ಡ ಸುದ್ದಿಯಾಯಿತು. ಆದರೆ ಕೆಳಗಿನ ಕೋರ್ಟುಗಳು ಬೇರೆ ಕಾರಣ ಕೊಟ್ಟು ಪ್ರಕರಣ ವಜಾ ಮಾಡಿದವು, 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೈ ಹಾಕಲಿಲ್ಲ. ಅದು ಮಾಹಿತಿಯ ಮೊಕದ್ದಮೆ ಆಗಿರಲಿಲ್ಲ, ಆದರೂ ಗೋಡೆ ಎಷ್ಟು ದಪ್ಪ ಅಂತ ತೋರಿಸುತ್ತದೆ. ಇದಕ್ಕೆ ಹೊರತಾದದ್ದು ಯುರೋಪಿಯನ್ ಹೂಡಿಕೆ ಬ್ಯಾಂಕ್. ಅದು ಯುರೋಪಿನ ಒಕ್ಕೂಟದ ಅಂಗ. ಅದರ ಮೇಲೆ ದೂರು ವಿಚಾರಿಸುವ ಓಂಬುಡ್ಸ್‌ಮನ್ ಇದ್ದಾರೆ, ಒಕ್ಕೂಟದ ಕೋರ್ಟ್ ಇದೆ. ಉಳಿದ ಬ್ಯಾಂಕುಗಳಲ್ಲಿ ಮಾಹಿತಿ ನೀತಿ ಅಂದರೆ ತಾನೇ ಕೊಟ್ಟ ಮಾತು. ಮುರಿದರೆ ಕೇಳುವವರೂ ತನ್ನವರೇ.

ಆದರೆ ಸಾಲದ ಕಡತಕ್ಕೆ ಎರಡು ಪ್ರತಿ ಇರುತ್ತವೆ. ಒಂದು ಬ್ಯಾಂಕಿನಲ್ಲಿ, ಇನ್ನೊಂದು ಸಾಲ ತೆಗೆದುಕೊಂಡ ಇಲಾಖೆಯಲ್ಲಿ. ದೆಹಲಿಯಲ್ಲಿ ಪರಿವರ್ತನ್ ಅನ್ನುವ ಸಂಸ್ಥೆ ಮಾಡಿದ್ದು ಇದನ್ನೇ. ದೆಹಲಿ ಜಲಮಂಡಳಿಯ ಸುಧಾರಣೆಗೆ ವಿಶ್ವಬ್ಯಾಂಕ್ ಸಾಲ ಮಾತುಕತೆಯಲ್ಲಿತ್ತು. ಬ್ಯಾಂಕಿಗೆ ಅರ್ಜಿ ಹಾಕುವ ಬದಲು ಅವರು ದೆಹಲಿಯ 2001ರ ಮಾಹಿತಿ ಹಕ್ಕು ಕಾಯ್ದೆಯಡಿ ಜಲಮಂಡಳಿಗೇ ಹಾಕಿದರು. ಸಾವಿರಾರು ಪುಟ ಸಿಕ್ಕಿತು. ಅವರು ಹೊರಗಿಟ್ಟ ಕಡತಗಳ ಪ್ರಕಾರ ನಡೆದದ್ದು ಹೀಗೆ. ಸಲಹೆಗಾರರನ್ನು ಆರಿಸುವಾಗ ಒಂದು ದೊಡ್ಡ ಸಂಸ್ಥೆ ಹತ್ತನೇ ಸ್ಥಾನದಲ್ಲಿತ್ತು, ಆರರ ಪಟ್ಟಿಗೆ ಬಂದಿರಲಿಲ್ಲ. ಅಭಿವೃದ್ಧಿಶೀಲ ದೇಶದ ಒಂದಾದರೂ ಸಂಸ್ಥೆ ಇರಲಿ ಅಂತ ಬ್ಯಾಂಕ್ ಹೇಳಿತು, ಆ ಸಂಸ್ಥೆಯ ಭಾರತೀಯ ನೋಂದಣಿ ಕೆಲಸಕ್ಕೆ ಬಂತು. ಮೌಲ್ಯಮಾಪನದಲ್ಲಿ ಮತ್ತೆ ಹಿಂದೆ ಬಿದ್ದಾಗ ಟೆಂಡರ್ ಮತ್ತೆ ಕರೆಯಬೇಕಾಯಿತು. ಒಬ್ಬ ಮೌಲ್ಯಮಾಪಕರ ಅಂಕಗಳನ್ನು ಲೆಕ್ಕದಿಂದ ಬಿಡುವ ಮಾತೂ ಬಂತು. ಕೊನೆಗೆ ಕೆಲಸ ಅದೇ ಸಂಸ್ಥೆಗೆ ಹೋಯಿತು. ತಪ್ಪು ಮಾಡಿಲ್ಲ, ಖರೀದಿ ನಿಯಮ ಪಾಲಿಸಿದ್ದೇವೆ ಅಂತ ಬ್ಯಾಂಕ್ ಹೇಳಿತು. ಆದರೆ ಗದ್ದಲ ನಿಲ್ಲಲಿಲ್ಲ. 2005ರ ಕೊನೆಗೆ ದೆಹಲಿ ಸರಕಾರ ಸಾಲದ ಅರ್ಜಿಯನ್ನೇ ವಾಪಸ್ ತೆಗೆದುಕೊಂಡಿತು. ಇಲ್ಲೂ ಕಡತ ಬಂದದ್ದು ಸಾಲ ಪಕ್ಕಾ ಆಗುವ ಮುಂಚೆ.

ಖಾಸಗಿ ಸಾಲದ ಕಡೆಗೆ ಬಂದರೆ ಕತ್ತಲು ಜಾಸ್ತಿ. ಐಎಫ್‌ಸಿ ತಾನೇ ನೇರವಾಗಿ ಕಂಪನಿಗೆ ಕೊಟ್ಟರೆ ಪರವಾಗಿಲ್ಲ. ಅಪಾಯ ಹೆಚ್ಚಿದ್ದರೆ ಬೋರ್ಡಿಗೆ 60 ದಿನ ಮುಂಚೆ, ಮಧ್ಯಮ ಇದ್ದರೆ 30 ದಿನ ಮುಂಚೆ ಪರಿಸರದ ಸಾರಾಂಶ ಹಾಕುತ್ತದೆ. ಆದರೆ ಅದು ಬ್ಯಾಂಕುಗಳಿಗೂ ದುಡ್ಡು ಕೊಡುತ್ತದೆ, ಆ ಬ್ಯಾಂಕುಗಳು ಮತ್ತೆ ಯಾರ್ಯಾರಿಗೋ ಕೊಡುತ್ತವೆ. ಹೊಂಡುರಾಸ್‌ನಲ್ಲಿ ಐಎಫ್‌ಸಿ ಡಿನಾಂಟ್ ಅನ್ನುವ ತಾಳೆ ಎಣ್ಣೆ ಕಂಪನಿಗೆ 3 ಕೋಟಿ ಡಾಲರ್ ಸಾಲ ಒಪ್ಪಿತ್ತು. ಅಲ್ಲಿ ಜಮೀನಿನ ಜಗಳ, ಕೊಲೆಯ ಆರೋಪಗಳು. ಕಂಪನಿ ಎಲ್ಲವನ್ನೂ ಅಲ್ಲಗಳೆಯಿತು. ಐಎಫ್‌ಸಿಯದೇ ದೂರು ವಿಭಾಗ ಸಿಎಒ ತನಿಖೆ ಮಾಡಿ 2014ರ ಜನವರಿಯಲ್ಲಿ ಕಟುವಾದ ವರದಿ ಕೊಟ್ಟಿತು. ಅದು ಸಾಲದು ಅಂತ, ಐಎಫ್‌ಸಿ ಸುಮಾರು 7 ಕೋಟಿ ಡಾಲರ್ ಹಾಕಿದ್ದ ಅಲ್ಲಿನ ಫಿಕೋಸಾ ಬ್ಯಾಂಕಿನ ದೊಡ್ಡ ಸಾಲಗಾರರಲ್ಲಿ ಇದೇ ಡಿನಾಂಟ್ ಇದೆ ಅನ್ನೋದು ಬೆಳಕಿಗೆ ಬಂತು. ಒಂದು ಕಡೆ ಮುಂಬಾಗಿಲಿನ ಸಾಲ, ಇನ್ನೊಂದು ಕಡೆ ಹಿಂಬಾಗಿಲಿನದು. ಎರಡನೆಯದು ಯಾವ ಪಟ್ಟಿಯಲ್ಲೂ ಕಾಣುತ್ತಿರಲಿಲ್ಲ. ತಮ್ಮ ಊರಿನ ತೋಟಕ್ಕೆ ದುಡ್ಡು ಎಲ್ಲಿಂದ ಬಂತು ಅಂತಲೇ ಗೊತ್ತಿಲ್ಲದ ಜನ ಯಾವ ಬ್ಯಾಂಕಿಗೆ ಅರ್ಜಿ ಹಾಕಬೇಕು?

ಇನ್ನು ಸಿಗುವ ಕಾಗದ ಓದುವುದು ಹೇಗೆ ಅಂತ ಸ್ವಲ್ಪ ನೋಡೋಣ. ವಿಶ್ವಬ್ಯಾಂಕ್‌ನ ಪ್ರತಿ ಯೋಜನೆಗೂ ಪಿ ಅಕ್ಷರದ ಮುಂದೆ ಆರು ಅಂಕಿಯ ಸಂಖ್ಯೆ ಇರುತ್ತದೆ. ಅದನ್ನು ಹಾಕಿ ಹುಡುಕಿದರೆ ಐಎಸ್‌ಆರ್ ಅನ್ನುವ ಪ್ರಗತಿ ವರದಿಗಳು ಸಿಗುತ್ತವೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಬರುತ್ತವೆ, 2010ರಿಂದ ಬಹಿರಂಗವಾಗಿವೆ. ಮೊದಲ ಪುಟದಲ್ಲಿ ಅಂಕಪಟ್ಟಿ ಇರುತ್ತದೆ: ತೃಪ್ತಿಕರ, ಸಾಧಾರಣ ತೃಪ್ತಿಕರ, ಹೀಗೆ ಆರು ದರ್ಜೆ. ಅದನ್ನು ನೋಡಿ ನಿಲ್ಲಬೇಡಿ. ಕೆಳಗೆ ಹೋಗಿ, ಎಷ್ಟು ದುಡ್ಡು ಖರ್ಚಾಗಿದೆ ಅನ್ನುವ ಕೋಷ್ಟಕ ಇದೆ. ಐದು ವರ್ಷದ ಯೋಜನೆ, ನಾಲ್ಕು ವರ್ಷ ಕಳೆದಿದೆ, ಖರ್ಚು ಮಾತ್ರ ಶೇಕಡ 20, ಮೇಲೆ ತೃಪ್ತಿಕರ ಅಂತ ಬರೆದಿದೆ ಅಂದುಕೊಳ್ಳಿ. ಅಲ್ಲಿ ಏನೋ ಇದೆ ಅಂತ ಅರ್ಥ. ಆಮೇಲೆ ಗುರಿಗಳ ಪಟ್ಟಿಯನ್ನು ಮೊದಲ ವರ್ಷದ ವರದಿ ಜೊತೆ ಇಟ್ಟು ನೋಡಿ. ಎರಡು ಲಕ್ಷ ಮನೆಗೆ ನಲ್ಲಿ ಅಂತ ಇದ್ದದ್ದು ಎಂಬತ್ತು ಸಾವಿರಕ್ಕೆ ಇಳಿದಿರಬಹುದು. ಇಳಿಸಿದ್ದು ಯಾಕೆ ಅಂತ ಪುನರ್‌ರಚನಾ ಪತ್ರದಲ್ಲಿ ಇರುತ್ತದೆ, ಅದೂ ಬಹಿರಂಗವೇ. ಅದನ್ನು ಬಹಳ ಜನ ತೆರೆಯುವುದೇ ಇಲ್ಲ, ಸುದ್ದಿ ಇರುವುದು ಅಲ್ಲೇ. ಬ್ಯಾಂಕಿನ ಸ್ವತಂತ್ರ ಮೌಲ್ಯಮಾಪನ ವಿಭಾಗವೇ ಎಷ್ಟೋ ಸಲ, ಕೊನೆಯ ಐಎಸ್‌ಆರ್ ಕೊಟ್ಟದ್ದಕ್ಕಿಂತ ಕೆಳಗಿನ ದರ್ಜೆ ಕೊಡುತ್ತದೆ.

ಭಾಷೆಯ ಸಮಸ್ಯೆಯೂ ಇದೆ. ಮುನ್ನೂರು ಪುಟದ ವರದಿ ಇಂಗ್ಲಿಷಿನಲ್ಲಿ, ಸಾರಾಂಶ ಮಾತ್ರ ಸ್ಥಳೀಯ ಭಾಷೆಯಲ್ಲಿ, ಬಹಳ ಕಡೆ ಇದೇ ಕಥೆ. ಅನುವಾದಕ್ಕೆ ನಾಲ್ಕು ತಿಂಗಳು ಹೋದರೆ 120 ದಿನವೂ ಅಲ್ಲಿಗೇ ಮುಗಿಯಿತು.

ಕೊನೆಗೆ ಸಭಿಕರೊಬ್ಬರು ಕೇಳಿದ ಪ್ರಶ್ನೆಯೊಂದನ್ನು ಇಲ್ಲಿ ಸೇರಿಸುತ್ತೇನೆ. ಇಷ್ಟೆಲ್ಲ ಕಟ್ಟುಪಾಡು ಇದ್ದರೆ ಅರ್ಜಿ ಹಾಕೋದು ಸುಮ್ನೆ ಅಲ್ವಾ, ಅಂತ ಅವರು ಕೇಳಿದರು. ಹಾಕಿ, ಆದರೆ ಬೇಗ ಹಾಕಿ ಅಂದೆ. ಯೋಜನೆ ಇನ್ನೂ ತಯಾರಿಯ ಪಟ್ಟಿಯಲ್ಲಿರುವಾಗಲೇ ಬೋರ್ಡಿಗೆ ಹೋಗುವ ದಿನಾಂಕ ಗುರುತು ಮಾಡಿಕೊಳ್ಳಿ. ಎಲ್ಲ ದಾಖಲೆ ಕೊಡಿ ಅಂತ ಬರೆದರೆ ತಳ್ಳಿಹಾಕಲು ನೀತಿಯಲ್ಲೇ ಅವಕಾಶವಿದೆ, ಹಾಗಾಗಿ ದಾಖಲೆಯ ಹೆಸರು, ತಿಂಗಳು, ವರ್ಷ ಹಾಕಿ. ಅದೇ ದಿನ ಇಲಾಖೆಗೂ ಮಾಹಿತಿ ಹಕ್ಕಿನ ಅರ್ಜಿ ಹೋಗಲಿ. ವಿಶ್ವಬ್ಯಾಂಕ್ 20 ಕೆಲಸದ ದಿನದಲ್ಲಿ ಉತ್ತರ ಕೊಡಲು ಪ್ರಯತ್ನಿಸುತ್ತೇನೆ ಅನ್ನುತ್ತದೆ. ಇಲ್ಲ ಅಂದರೆ ಹತ್ತರಲ್ಲಿ ಯಾವ ವಿನಾಯಿತಿ ಅಂತ ಬರವಣಿಗೆಯಲ್ಲಿ ಕೇಳಿ. ಮೇಲ್ಮನವಿಗೆ 60 ದಿನ ಇದೆ, ಆದರೆ ಅಷ್ಟು ದಿನ ಕಾಯಬೇಡಿ, ಬೋರ್ಡಿನ ದಿನಾಂಕ ಅದಕ್ಕಿಂತ ಮುಂಚೆ ಬಂದುಬಿಡಬಹುದು.